ಸ್ವಂತ ಇಚ್ಛೆಯಿಂದ ಹೊರಟವನು

"ಈ ಪುಸ್ತಕದ ಮೊದಲ ಆರು ಹಾಳೆ ಎಲ್ಲಿ?"

ಅಡುಗೆಯವನ ಚಾಕು ಈರುಳ್ಳಿಯ ಮೇಲೆ ಹಾಗೇ ನಿಂತಿತು. ಅವನು ತಲೆ ಎತ್ತಲಿಲ್ಲ.

"ಯಾವ ಪುಸ್ತಕ ಸಾರ್?"

"ಏಳನೇ ಮಂಚದವನದು. ಈರುಳ್ಳಿ ನೆಪದಲ್ಲಿ ಕಣ್ಣು ಒರೆಸ್ಕೋಬೇಡ. ನಾನು ಒಳಗೆ ಬಂದಾಗ ನೀನು ಸೌತೆಕಾಯಿ ಹೆಚ್ತಿದ್ದೆ."

ಅಡುಗೆಯವನು ನಗಲು ನೋಡಿದ. ನಗು ಬಾಯಿಯವರೆಗೆ ಬಂದು ಹಿಂದೆ ಹೋಯಿತು.

ಕೇಳಿದವರು ರೈಟರು. ರೈಟರು ಎಂದರೆ ಕಥೆ ಬರೆಯುವವರಲ್ಲ. ಮೂವತ್ತೊಂದು ವರ್ಷ ಪೊಲೀಸ್ ಠಾಣೆಯ ಮೂಲೆಯ ಮೇಜಿನಲ್ಲಿ ಕೂತು, ಅಳುವವರ, ಸುಳ್ಳು ಹೇಳುವವರ, ಏಟು ತಿಂದವರ ಹೇಳಿಕೆಗಳನ್ನು ಬರೆದುಕೊಂಡವರು. ನಿವೃತ್ತಿಯಾದ ಮೇಲೂ ಊರಿನ ಬಾಯಲ್ಲಿ ರೈಟರು ರೈಟರಾಗಿಯೇ ಉಳಿದರು. ಹೆತ್ತವರು ಇಟ್ಟ ಹೆಸರು ಪಿಂಚಣಿಯ ಕಾಗದದಲ್ಲಿ ಮಾತ್ರ ಇತ್ತು.

ಲೇತ್ ಕೆಲಸದವನೊಬ್ಬ ಈ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದ ಹತ್ತೊಂಬತ್ತನೆಯ ದಿನ 'ಸ್ವಂತ ಇಚ್ಛೆಯಿಂದ' ಹೊರಟುಹೋದನೆಂದು ಕಾಗದ ಹೇಳುತ್ತಿತ್ತು; ಮರುದಿನ ಬೆಳಿಗ್ಗೆ ಬಸ್ ಡಿಪೋದ ಹಿಂದಿನ ಮೋರಿಯಲ್ಲಿ ಅವನ ಹೆಣ ಸಿಕ್ಕಿತು, ಪಕ್ಕದಲ್ಲೇ ಬಾಟಲಿ. ಕುಡಿದು ಬಿದ್ದು ಸತ್ತ ಎಂದು ಠಾಣೆಯವರು ಕಡತ ಕಟ್ಟಿಟ್ಟರು. ಒಪ್ಪದವಳು ಒಬ್ಬಳೇ, ಅವನ ಅಕ್ಕ.

ಆ ಅಕ್ಕ ಒಂದು ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವವಳು. ಕೇಂದ್ರದಲ್ಲಿ ತಮ್ಮ ದಿನಕ್ಕೊಂದು ಹಾಳೆ ಬರೆಯುತ್ತಿದ್ದ, ಠಾಣೆಯವರು ನೋಡಿ ಮರಳಿಸಿದ ನೋಟ್ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ರೈಟರ ಮನೆಗೆ ಬಂದಿದ್ದಳು. "ಅವನು ಸತ್ತಿದ್ದಕ್ಕೆ ನಾನು ದೇವರ ಹತ್ರ ಜಗಳ ಆಡ್ಕೋತೀನಿ, ಅದು ನಿಮ್ಮ ಕೆಲಸ ಅಲ್ಲ. ಕುಡಿದು ಸತ್ತ ಅಂತಾರಲ್ಲ ಅಣ್ಣಾ, ಅದು ನಿಜಾನೋ ಸುಳ್ಳೋ? ಅಷ್ಟು ಹೇಳಿ ಸಾಕು" ಅಂದಿದ್ದಳು.

ಅವಳು ಅವರನ್ನೇ ಹುಡುಕಿಕೊಂಡು ಬಂದದ್ದಕ್ಕೆ ಕಾರಣವಿತ್ತು. ತಿಂಗಳ ಹಿಂದೆ, ತಮ್ಮನನ್ನು ಸೇರಿಸಲು ಬಂದ ದಿನ, ಈ ಕೇಂದ್ರದ ಬೆಂಚಿನ ಮೇಲೆ ರೈಟರು ಅವಳ ಪಕ್ಕದಲ್ಲೇ ಕೂತಿದ್ದರು. ಅವಳ ತಮ್ಮನಿಗೆ ಏಳನೆಯ ಮಂಚ ಸಿಕ್ಕಿತು. ಎಂಟನೆಯದು ರೈಟರ ಮಗನಿಗೆ.

ಮಗನದು ಕುಡಿತವಲ್ಲ. ಮೊದಲು ಮಾತ್ರೆ, ಆಮೇಲೆ ಸೂಜಿ. ಒಂಬತ್ತು ವರ್ಷ. ಅವನನ್ನು ಎಲ್ಲಾದರೂ ಸೇರಿಸಿ, ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ಆರು ವರ್ಷ ಬೇಡಿಕೊಂಡಳು. ಠಾಣೆಯವನ ಮಗ ಇಂಥ ಕಡೆ ಸೇರಿದನೆಂದು ನಾಲ್ಕು ಜನ ಆಡಿಕೊಂಡಾರು ಎಂದು ರೈಟರು ಆರು ವರ್ಷವೂ ಬಾಯಿ ಮುಚ್ಚಿಸಿದರು. ಈಗ ಅವಳು ಇಲ್ಲ. ಆಡಿಕೊಳ್ಳುವ ನಾಲ್ಕು ಜನ ಇದ್ದಾರೆ, ಚೆನ್ನಾಗಿಯೇ ಇದ್ದಾರೆ.

ಅವಳು ಹೋದ ಎರಡು ವರ್ಷಕ್ಕೆ ಮಗ ತಾನಾಗಿ ಬಂದು "ಎಲ್ಲಾದ್ರೂ ಸೇರಿಸಿ ಅಪ್ಪಾ" ಅಂದ. ದೊಡ್ಡ ಆಸ್ಪತ್ರೆಯಲ್ಲಿ ಮೂರು ತಿಂಗಳ ಸರದಿ. ಬಾಗಿಲು ತೆರೆದದ್ದು ಇದೊಂದೇ ಕೇಂದ್ರ. ಇವತ್ತು ಗುರುವಾರ, ಮಗನ ಮೂವತ್ತನೆಯ ದಿನ. ಒಂಬತ್ತು ವರ್ಷದಲ್ಲಿ ಅವನು ಇಷ್ಟು ದಿನ ಶುದ್ಧವಾಗಿ ಉಳಿದದ್ದೇ ಇಲ್ಲ. ಮೂವತ್ತನೆಯ ದಿನ ಮನೆಯವರನ್ನು ಕರೆಸಿ ಡಾಕ್ಟರ ಮುಂದೆ ಕೂರಿಸುವುದು ಇಲ್ಲಿಯ ಪದ್ಧತಿ. ನಾಲ್ಕು ಗಂಟೆಗೆ ಬನ್ನಿ ಎಂದಿದ್ದರು. ರೈಟರು ಎರಡಕ್ಕೇ ಬಂದು ಹಿಂದಿನ ಬಾಗಿಲಿನಿಂದ ಅಡುಗೆಮನೆ ಹೊಕ್ಕಿದ್ದರು.

ಈ ಕೇಂದ್ರವನ್ನು ಕೆದಕಿದರೆ ಬೀಗ ಬೀಳುತ್ತದೆ. ಬೀಗ ಬಿದ್ದರೆ ಮಗ ಬೀದಿಗೆ ಬರುತ್ತಾನೆ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪುಸ್ತಕವನ್ನು ಅಡುಗೆಯವನ ಹಲಗೆಯ ಪಕ್ಕ ಇಟ್ಟರು.

"ನೋಡು. ನೂರು ಪುಟದ ನೋಟ್ ಪುಸ್ತಕ, ನಡುವೆ ದಾರದ ಹೊಲಿಗೆ. ಮೊದಲ ಹಾಳೇಲಿ 'ಒಂದು' ಅಂತ ಬರೆದಿದೆ, ಸರಿಯೇ. ಆದರೆ ಕೊನೇ ಆರು ಹಾಳೆ ಸಡಿಲ. ಮುಟ್ಟಿದ್ರೆ ಕೈಗೆ ಬರುತ್ತೆ. ಯಾಕೆ ಹೇಳು?"

"ನಾನು ಸೊಪ್ಪು ಸೋಸೋನು ಸಾರ್."

"ಮುಂದಿನ ಹಾಳೆ ಹರಿದ್ರೆ ಹಿಂದಿನ ಜೊತೆ ಹಾಳೆ ಸಡಿಲ ಆಗುತ್ತೆ. ಠಾಣೇಲಿ ಕೇಸ್ ಡೈರಿಯ ಒಂದು ಹಾಳೆ ಹೋದ್ರೆ ನಮ್ಮ ಕೆಲಸ ಹೋಗ್ತಿತ್ತು. ಹಾಳೆ ಎಣಿಸೋದು ನನಗೆ ಉಸಿರಾಡಿದ ಹಾಗೆ. ಯಾರು ಹರಿದ್ರು?"

"ಅವನೇ ಹರಿದಿದ್ದು."

"ಎಲ್ಲಿ ಹಾಕಿದ?"

ಅಡುಗೆಯವನು ಚಾಕುವಿನ ತುದಿಯಿಂದ ಒಲೆಯನ್ನು ತೋರಿಸಿದ. ಸೌದೆ ಒಲೆ. ಬಾಯಿ ತುಂಬಾ ಬೂದಿ.

"ಹೇಳ್ಬಾರ್ದು ಅಂತ ಇದೆ ಸಾರ್. ಒಳಗಿನ ಮಾತು ಒಳಗೇ ಇರ್ಬೇಕು."

"ಒಳಗಿದ್ದವನು ಮೋರಿಗೆ ಬಿದ್ದ ಮೇಲೂ?"

ಅಡುಗೆಯವನು ಕೈ ಒರೆಸಿಕೊಂಡು ಒಂದು ಡಬ್ಬದ ಮೇಲೆ ಕೂತ. ಅವನೂ ಈ ಕೇಂದ್ರಕ್ಕೆ ಕುಡುಕನಾಗಿ ಬಂದವನೇ. ಗುಣವಾದ ಮೇಲೆ ಹೊರಗೆ ಹೋಗಲು ಧೈರ್ಯ ಬರಲಿಲ್ಲ, ಇಲ್ಲೇ ಸೌಟು ಹಿಡಿದ.

"ಸಾರ್, ನಂದು ಇವತ್ತಿಗೆ ಕುಡಿಯದೆ ಸಾವಿರದ ನಾನೂರ ಹನ್ನೆರಡು ದಿನ. ಅದಕ್ಕೆ ಮೊದಲು ಒಂದ್ಸಲ ಮುನ್ನೂರ ಎಂಟಕ್ಕೆ ಹೋಗಿ ಬಿದ್ದೆ. ಭಾಮೈದನ ಮದುವೆ. ಒಂದೇ ಲೋಟ. ಮುನ್ನೂರ ಎಂಟೂ ಹೋಯ್ತು, ಮತ್ತೆ ಒಂದರಿಂದ ಶುರು. ಬಿದ್ದ ದಿನ ಹಳೇ ಹಾಳೆಗಳನ್ನ ಅವನವನೇ ಹರಿದು ಈ ಒಲೇಲಿ ಹಾಕ್ಬೇಕು. ಬೆಳಿಗ್ಗೆ ಸಭೇಲಿ ಎದ್ದು ನಿಂತು 'ಒಂದು' ಅನ್ಬೇಕು."

"ಅಂದ್ರೆ ಎಣಿಸೋದು ಸೇರಿದ ದಿನದಿಂದ ಅಲ್ವಾ?"

"ಸೇರಿದ ದಿನದಿಂದ ಎಣಿಸೋರು ಆಫೀಸಿನವರು ಸಾರ್. ನಾವು ಕೊನೇ ಲೋಟದಿಂದ ಎಣಿಸ್ತೀವಿ."

ರೈಟರ ಬೆನ್ನು ನೆಟ್ಟಗಾಯಿತು.

"ಲೇತಿನವನು ಯಾವಾಗ ಬಿದ್ದ?"

"ಆರನೇ ದಿನ ಸಂಜೆ. ಗಾಯಕ್ಕೆ ಹಚ್ಚೋ ಸ್ಪಿರಿಟ್ ಇರುತ್ತಲ್ಲ, ಡ್ರೆಸಿಂಗ್ ರೂಮಿನದು, ನೀರು ಬೆರೆಸಿ ಕುಡಿದ. ಯಾರೂ ನೋಡಿರ್ಲಿಲ್ಲ. ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮಾರನೇ ದಿನ ಅವನೇ ಎದ್ದು ನಿಂತು 'ಒಂದು' ಅಂದ. ಅಳ್ತಾ ಅಂದ. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಅಕ್ಕನಿಗೆ ಮಾತ್ರ ಹೇಳ್ಬೇಡಿ ಅಂತ ಎಲ್ಲರ ಕೈ ಹಿಡ್ಕೊಂಡ."

ರೈಟರು ಬೆರಳು ಮಡಿಸಿದರು. ಏಳನೆಯ ದಿನ ಒಂದು. ಎಂಟನೆಯ ದಿನ ಎರಡು. ಹತ್ತೊಂಬತ್ತನೆಯ ದಿನ, ಹದಿಮೂರು.

ಪುಸ್ತಕದಲ್ಲಿ ಬರೆದ ಕೊನೆಯ ಹಾಳೆಯ ನೆತ್ತಿಯ ಮೇಲೆ ಇದ್ದದ್ದು ಅದೇ: ಹದಿಮೂರು.

ಠಾಣೆಯವರು ಅದನ್ನು ಸೇರಿದ ಹದಿಮೂರನೆಯ ದಿನ ಎಂದು ಓದಿದ್ದರು. ಆಮೇಲೆ ಆರು ದಿನ ಬರೆಯಲೇ ಇಲ್ಲ, ಮನಸ್ಸು ಕೆಟ್ಟಿತ್ತು, ಓಡಿಹೋದ ಎಂದು ತೀರ್ಮಾನಿಸಿದ್ದರು. ರೈಟರಿಗೆ ಮಾತ್ರ ಆ ಹಾಳೆಯ ಒಂದು ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. 'ಅಕ್ಕ ನಾಲ್ಕಕ್ಕೆ ಬರ್ತಾಳೆ' ಎಂದಿತ್ತು ಅದರಲ್ಲಿ. ಮೂವತ್ತನೆಯ ದಿನ ಬಿಟ್ಟರೆ ಇಲ್ಲಿ ಮನೆಯವರನ್ನು ಒಳಗೆ ಬಿಡುವುದು ಭಾನುವಾರ ಮಾತ್ರ. ಸೇರಿದ ಹದಿಮೂರನೆಯ ದಿನ ಸೋಮವಾರವಾಗಿತ್ತು. ಹತ್ತೊಂಬತ್ತನೆಯ ದಿನ ಭಾನುವಾರ.

ಅವರು ಹಾಳೆಯನ್ನು ಮತ್ತೆ ಓದಿದರು, ಈ ಸಲ ಸತ್ತವನ ಕೊನೆಯ ಬೆಳಗಿನ ಮಾತೆಂದು ತಿಳಿದು.

'ಹದಿಮೂರು. ಕೈ ನಡುಕ ಕಡಿಮೆ. ಇವತ್ತು ಸೂಜಿಗೆ ದಾರ ಪೋಣಿಸಬಲ್ಲೆ ಅನ್ನಿಸ್ತು. ಅಕ್ಕ ನಾಲ್ಕಕ್ಕೆ ಬರ್ತಾಳೆ, ಕೆಲಸದ ಕನ್ನಡಕ ತರೋಕೆ ಹೇಳಿದೀನಿ. ಇಲ್ಲಿಯ ನೀರಿನ ಪಂಪ್ ಕೆಟ್ಟು ಕೂತಿದೆ, ಬಿಚ್ಚಿ ನೋಡ್ತೀನಿ. ಬಿಳಿ ಮಾತ್ರೆ ನಿನ್ನೆನೂ ನುಂಗಲಿಲ್ಲ, ನಾಲಿಗೆ ಕೆಳಗಿಟ್ಟು ಉಗಿದೆ. ಅಕ್ಕನಿಗೆ ಅದನ್ನ ಹೇಳ್ಬೇಕು.'

"ಬಿಳಿ ಮಾತ್ರೆ ಅಂದ್ರೇನು?"

"ಮಾತ್ರೆ ವಿಷಯ ಕೇಳ್ಬೇಡಿ ಸಾರ್." ಅಡುಗೆಯವನು ಎದ್ದು ನಿಂತ. "ಅದು ಡಾಕ್ಟರ ಕಡೇದು. ನಾನು ಅನ್ನ ಬೇಯಿಸೋನು. ಇಲ್ಲಿಂದ ಹೊರಗೆ ಹಾಕಿದ್ರೆ ನಾನು ಸಾವಿರದ ನಾನೂರ ಹದಿಮೂರು ನೋಡಲ್ಲ."

ಅವನ ಕಣ್ಣು ತುಂಬಿತ್ತು. ಈ ಸಲ ಈರುಳ್ಳಿ ದೂರದಲ್ಲಿತ್ತು.

*

ಕೇಂದ್ರದ ಮುಖ್ಯಸ್ಥೆಯನ್ನು ಅಲ್ಲಿ ಎಲ್ಲರೂ 'ದೊಡ್ಡಮ್ಮ' ಎನ್ನುತ್ತಿದ್ದರು. ಐವತ್ತು ದಾಟಿದ ಕೂಲಿಯವನೂ ಹಾಗೇ ಕರೆಯಬೇಕು. ಅವರೂ ಅವನನ್ನು 'ಮಗು' ಅನ್ನುತ್ತಿದ್ದರು. ಆಫೀಸಿನ ಕೋಣೆಯಲ್ಲಿ ಒಂದು ಮೇಜು, ಕಬ್ಬಿಣದ ಬೀರು, ಗೋಡೆಗೆ ಗಡಿಯಾರ. ಮೇಜಿನ ಮೇಲೆ ಕಣ್ಣೊರೆಸುವ ಕಾಗದದ ಡಬ್ಬಿ, ಬಂದವರ ಕೈಗೆ ಎಟಕುವ ಹಾಗೆ.

"ಕೂತ್ಕೊಳ್ಳಿ ರೈಟರೇ. ನಾಲ್ಕು ಗಂಟೆಗೆ ಅಲ್ವಾ ನಿಮ್ಮದು?"

"ನನ್ನದು ನಾಲ್ಕಕ್ಕೆ. ಏಳನೇ ಮಂಚದವನದು ಈಗ."

ದೊಡ್ಡಮ್ಮ ಬರೆಯುತ್ತಿದ್ದ ಪೆನ್ನಿಗೆ ಟೋಪಿ ಹಾಕಿದರು.

"ಅದು ಮುಗಿದ ವಿಷಯ. ನಮಗೂ ಸಂಕಟ ಆಗಿದೆ."

"ಅವನು ಬರೆದುಕೊಟ್ಟು ಹೋದ ಕಾಗದದ ನಕಲು ಠಾಣೇಲಿ ನೋಡಿದೆ. ಟೈಪ್ ಮಾಡಿದ ನಕಲು. 'ನಾನು ಹತ್ತೊಂಬತ್ತು ದಿನ ಕುಡಿಯದೆ ಇದ್ದು ಸ್ವಸ್ಥನಾಗಿದ್ದೇನೆ, ಸ್ವಂತ ಇಚ್ಛೆಯಿಂದ ಹೊರಡುತ್ತಿದ್ದೇನೆ.' ಮೂಲ ಎಲ್ಲಿದೆ?"

"ಇದೆ. ಯಾಕೆ?"

"ಅವನದು ಹತ್ತೊಂಬತ್ತಲ್ಲ. ಹದಿಮೂರು."

ರೈಟರು ಪುಸ್ತಕ ತೆರೆದು, ಸಡಿಲವಾದ ಹಾಳೆಗಳನ್ನು ತೋರಿಸಿ, ಒಲೆಯ ಹೆಸರೆತ್ತದೆ ಎಲ್ಲವನ್ನೂ ಹೇಳಿದರು. ಅಡುಗೆಯವನ ಹೆಸರೂ ಎತ್ತಲಿಲ್ಲ. ದೊಡ್ಡಮ್ಮ ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ಕೇಳಿ ಮುಗಿದ ಮೇಲೆ ಮರುಕದಿಂದ ನಕ್ಕರು.

"ಬೆಳಿಗ್ಗೆ ಕನ್ನಡಕ ಬೇಕು ಅಂದವನು ಮಧ್ಯಾಹ್ನ ಬಾಟಲಿ ಬೇಕು ಅನ್ನಲ್ವಾ? ನೀವು ಒಂಬತ್ತು ವರ್ಷ ನಿಮ್ಮ ಮನೇಲೇ ನೋಡಿದೀರಿ."

ಮಾತು ನಾಟಬೇಕಾದ ಕಡೆಗೇ ನಾಟಿತು.

"ನೋಡಿದೀನಿ. ಎಲ್ಲ ಸುಳ್ಳೂ ನೋಡಿದೀನಿ. ಆದ್ರೆ ಯಾರೂ ನೋಡದೆ ಇದ್ದಾಗ್ಲೂ ಎದ್ದು ನಿಂತು 'ಒಂದು' ಅಂದವನು, ತನ್ನ ಕಾಗದದಲ್ಲಿ ಹತ್ತೊಂಬತ್ತು ಅಂತ ಬರೀತಾನಾ? ಅದನ್ನ ಬರೆದಿದ್ದು ಕುಡುಕ ಅಲ್ಲ ತಾಯೀ. ಸೇರಿದ ತಾರೀಖು ನೋಡಿ ಎಣಿಸಿದವರು."

ದೊಡ್ಡಮ್ಮ ಪೆನ್ನನ್ನು ಪಕ್ಕಕ್ಕೆ ಸರಿಸಿದರು.

"ಒಂದು ಮಾತು ಕೇಳ್ಲಾ?" ದೊಡ್ಡಮ್ಮನ ದನಿ ಇನ್ನೂ ಮೆತ್ತಗಾಯಿತು. "ಇಲ್ಲಿ ಹದಿನಾಲ್ಕು ಮಂಚ. ಹದಿನಾಲ್ಕು ಜನರನ್ನ ಮನೆಯವರು ಹೊಸಲಿನಿಂದ ಆಚೆ ದಬ್ಬಿದ್ದಾರೆ. ವಾಂತಿ ಬಳಿದವರು ನಾವು, ಫಿಟ್ಸ್ ಬಂದಾಗ ಕಾಲು ಹಿಡಿದವರು ನಾವು. ನೀವು ಆರು ವರ್ಷ ಮಾನ ಮಾನ ಅಂತ ಮಗನನ್ನ ಮನೇಲಿ ಕೊಳೆಯೋಕೆ ಬಿಟ್ರಿ. ನಾವು ಒಂದು ದಿನದಲ್ಲಿ ಮಂಚ ಕೊಟ್ವಿ. ಈಗ ಸತ್ತವನೊಬ್ಬನಿಗೋಸ್ಕರ ಬದುಕಿರೋ ಹದಿಮೂರು ಜನರನ್ನ ಬೀದಿಗೆ ಹಾಕ್ತೀರಾ? ಅದರಲ್ಲಿ ಒಬ್ಬ ಯಾರು ಅಂತ ಗೊತ್ತಲ್ಲ?"

"ಗೊತ್ತು."

"ಗೊತ್ತಿದ್ದೂ?"

ಪ್ರತಿದಿನ ಬೆಳಿಗ್ಗೆ ದೇವರ ಮುಂದೆ ಕೈ ಮುಗಿದು ರೈಟರು ಕೇಳುತ್ತಿದ್ದುದು ಒಂದೇ: ಇವತ್ತೊಂದು ದಿನ ಅವನನ್ನು ಕಾಪಾಡು. ಮೂವತ್ತು ದಿನ ದೇವರು ಕೇಳಿದ್ದ. ಅದೇ ಮೂವತ್ತು ದಿನದಲ್ಲಿ ಇನ್ನೊಬ್ಬಳ, ಆ ಅಕ್ಕನ ಮೊರೆಯನ್ನು ಕೇಳಿರಲಿಲ್ಲ. ಅವಳೇನು ಕಡಿಮೆ ಕೈ ಮುಗಿದಿದ್ದಳೇ? ಅದನ್ನು ನೆನೆದರೆ ಅವರಿಗೆ ತಮ್ಮ ಪ್ರಾರ್ಥನೆಯ ಬಗ್ಗೆಯೇ ನಾಚಿಕೆಯಾಗುತ್ತಿತ್ತು.

"ಮೂಲ ಕಾಗದ ತೋರಿಸಿ."

"ಬೇಡ ರೈಟರೇ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದನ್ನ ನಾನು ಮಣ್ಣು ಮಾಡಿ ಎರಡು ವರ್ಷ ಆಯ್ತು. ತೋರಿಸಿ."

ದೊಡ್ಡಮ್ಮ ನಿಟ್ಟುಸಿರು ಬಿಟ್ಟು ಎದ್ದರು. ಬೀರುವಿನಿಂದ ಕಡತ ತೆಗೆದು, ಅದರಿಂದ ಒಂದು ಹಾಳೆ ಬಿಡಿಸಿ, ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿ ಇಟ್ಟರು. ಇಟ್ಟ ಮೇಲೆ ಕಣ್ಣೊರೆಸುವ ಕಾಗದದ ಡಬ್ಬಿಯನ್ನು ಅರ್ಧ ಗೇಣು ಮುಂದಕ್ಕೆ ತಳ್ಳಿದರು.

ನೀಲಿ ಶಾಯಿ. ಐದು ಸಾಲು. ಕೆಳಗೆ ನಡುಗಿದ ಗೆರೆಯಂಥ ಒಂದು ಸಹಿ.

ರೈಟರು ಓದಲಿಲ್ಲ. ಓದುವ ಅಗತ್ಯ ಇರಲಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವಷ್ಟು ಇಳಿದಿದ್ದವು, ಬಾವಿಗೆ ಬಿಟ್ಟ ಬಿಂದಿಗೆಗಳ ಹಾಗೆ. 'ಸ್ವಂತ'ದ ಒತ್ತು, 'ಇಚ್ಛೆ'ಯ ಒತ್ತು. ಮಗ ಎರಡನೆಯ ತರಗತಿಯಲ್ಲಿದ್ದಾಗ ಇದೇ ಒತ್ತುಗಳಿಗಾಗಿ ಅವರು ಅವನ ಬೆರಳಗಂಟಿಗೆ ಅಡಿಕೋಲಿನಿಂದ ಹೊಡೆದಿದ್ದರು. ಹೊಡೆದರೂ ತಿದ್ದಲಿಲ್ಲ. ಅವನಮ್ಮ ಬರೆಯುತ್ತಿದ್ದುದೂ ಹಾಗೇ.

ಅವರು ಹಾಳೆಯಿಂದ ಕೈ ಹಿಂದೆಗೆದರು.

"ಹೇಳಿದ್ನಲ್ಲ, ಬೇಡ ಅಂತ," ದೊಡ್ಡಮ್ಮ ಅಂದರು. "ಲೇತಿನವನಿಗೆ ಕೈ ನಡುಗ್ತಿತ್ತು, ಪಕ್ಕದ ಮಂಚದವನ ಕೈಲಿ ಬರೆಸಿ ಸಹಿ ಹಾಕಿದಾನೆ ಅಂದ್ಕೊಂಡು ನಾನು ಸುಮ್ಮನಿದ್ದೆ. ಖೋಟಾ ಕಾಗದ ಅಂತ ನೀವು ಅಂತೀರಿ. ಸರಿ. ಠಾಣೇಲಿ ಮೊದಲು ಕೇಳೋದು ಏನು? ಬರೆದವನು ಯಾರು ಅಂತ. ತಗೊಳ್ಳಿ, ಹಾಳೆ ನಿಮಗೇ ಕೊಡ್ತೀನಿ. ಠಾಣೆಗೆ ಕೊಡಿ, ಇಲ್ಲಾ ಹರಿದು ಹಾಕಿ. ನಾನು ಕೇಳಲ್ಲ."

ರೈಟರು ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಮೂವತ್ತೊಂದು ವರ್ಷದ ಕಣ್ಣು ತನ್ನ ಕೆಲಸ ಬಿಡಲಿಲ್ಲ.

"ಈ 'ಹತ್ತೊಂಬತ್ತು' ಯಾರು ಬರೆದಿದ್ದು?"

"ಯಾವುದು?"

"ಎಲ್ಲ ನೀಲಿ. ಈ ಒಂದು ಪದ ಕಪ್ಪು. ಜಾಗ ಬಿಟ್ಟು ಬರೆದಿದ್ದಾರೆ, ಆಮೇಲೆ ಯಾರೋ ತುಂಬಿದ್ದಾರೆ. ಜಾಗ ಸಾಲದೆ ಅಕ್ಷರ ಇಕ್ಕಟ್ಟಾಗಿದೆ. ಇದು ನನ್ನ ಮಗನ ಕೈ ಅಲ್ಲ."

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದರು. ರೈಟರು ಅವರ ಮುಖವನ್ನೇ ನೋಡುತ್ತಿದ್ದರು. ಆ ಮುಖದಿಂದ ಮರುಕ ಹೋಯಿತು, ಆಮೇಲೆ ಬಣ್ಣ ಹೋಯಿತು. ಆ ಕೈಬರಹ ಅವರಿಗೆ ಗೊತ್ತು. ಅದು ಅವರದಲ್ಲ, ಆದರೆ ಗೊತ್ತು. ಇಷ್ಟು ದಿನ ಅವರು ಈ ಹಾಳೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

"ಯಾರದು ತಾಯೀ?"

ದೊಡ್ಡಮ್ಮ ಕನ್ನಡಕ ತೆಗೆದರು. ಗಡಿಯಾರ ನೋಡಿದರು. ಮೂರೂಕಾಲು.

"ಡಾಕ್ಟರು ನಾಲ್ಕಕ್ಕೆ ಬರ್ತಾರೆ," ಎಂದರು. "ಅದಕ್ಕೆ ಮೊದಲು ಹೋಗಿ ಮಗನನ್ನ ನೋಡಿ. ಹಿತ್ತಲಲ್ಲಿದಾನೆ."

ಒಳಗಿನವರನ್ನೆಲ್ಲ 'ಮಗು' ಅನ್ನುವವರು ಈ ಸಲ ಅವನನ್ನು ಹಾಗೆ ಕರೆಯಲಿಲ್ಲ.

*

ಹಿತ್ತಲಿನಲ್ಲಿ ತಂತಿಯ ಉದ್ದಕ್ಕೂ ಹಾಸಿಗೆಯ ಬಟ್ಟೆಗಳು. ಗುರುವಾರ ಹದಿನಾಲ್ಕು ಮಂಚದ 'ಶೀಟು' ಒಗೆಯುವ ದಿನ. ಇವತ್ತಿನ ಸರದಿ ಎಂಟನೆಯ ಮಂಚದವನದು. ಮಗ ನೀರು ತುಂಬಿದ ಬಟ್ಟೆಯ ಒಂದು ತುದಿಯನ್ನು ಕಂಬಕ್ಕೆ ಸುತ್ತಿ ಇನ್ನೊಂದನ್ನು ಒಬ್ಬನೇ ಹಿಂಡುತ್ತಿದ್ದ. ಮೈ ಸ್ವಲ್ಪ ತುಂಬಿತ್ತು. ಕತ್ತಿನ ಹಿಂದೆ ಬಿಸಿಲು ಬಿದ್ದು ಕೆಂಪಾಗಿತ್ತು. ಒಂಬತ್ತು ವರ್ಷದಿಂದ ಹಗಲಿನ ಬಿಸಿಲು ಅವನ ಮೈ ಮೇಲೆ ಬಿದ್ದದ್ದನ್ನು ರೈಟರು ಕಂಡಿರಲಿಲ್ಲ.

"ಬನ್ನಿ ಅಪ್ಪಾ. ಡಾಕ್ಟರು ಬಂದ್ರಾ?"

ರೈಟರು ಕಂಬದಿಂದ ಬಟ್ಟೆ ಬಿಡಿಸಿ ಆ ತುದಿ ಹಿಡಿದರು. ಅವನು ಬಲಕ್ಕೆ ತಿರುಚಿದ, ಇವರು ಎಡಕ್ಕೆ. ನೀರು ಧಾರೆಯಾಗಿ ಇಬ್ಬರ ಕಾಲ ನಡುವೆ ಸುರಿಯಿತು.

"ಅಮ್ಮನ ಜೊತೆ ಹಿಂಡ್ತಿದ್ದೆ," ಮಗ ಅಂದ. "ಅವರು ಯಾವಾಗ್ಲೂ ನನ್ನ ಕಡೇನೇ ತಿರುಚೋರು. ಹಿಂಡೋಕೇ ಆಗ್ತಿರ್ಲಿಲ್ಲ. ನಾನು ಬೈದ್ರೆ ನಗೋರು."

ಆ ನಗು ರೈಟರಿಗೂ ಕೇಳಿಸಿದಂತಾಯಿತು. ಬಟ್ಟೆಯನ್ನು ತಂತಿಗೆ ಎಸೆದು, ಕೈ ಒರೆಸಿಕೊಂಡು, ಜೇಬಿನಿಂದ ಹಾಳೆ ತೆಗೆದು ಹಿಡಿದರು.

ಮಗ ಅದನ್ನು ಮುಟ್ಟಲಿಲ್ಲ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಕೊಂಡ.

"ಮಾತ್ರೆಗೋಸ್ಕರ ಬರೆದದ್ದಲ್ಲ," ಎಂದ. "ನಂಬ್ತೀರಾ?"

ನಂಬುತ್ತೇನೆ ಎಂದು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ನೂರು ಸಲ ನಂಬಿ ನೂರು ಸಲ ಸುಟ್ಟುಕೊಂಡ ನಾಲಿಗೆ ಅದು. ಮಗ ಕಾದ, ಆಮೇಲೆ ತಲೆ ಆಡಿಸಿದ.

"ಬಿಡಿ. ನಾನೇ ಆಗಿದ್ರೂ ನಂಬ್ತಿರ್ಲಿಲ್ಲ."

ಆಗ ರೈಟರು ಮಾಡಿದ್ದನ್ನು ಬೇರೆ ಯಾವ ತಂದೆಯೂ ಮಾಡುತ್ತಿರಲಿಲ್ಲವೇನೋ. ಒಗೆಯುವ ಕಲ್ಲಿನ ಮೇಲೆ ಕೂತು, ತಮ್ಮ ಸಣ್ಣ ಪುಸ್ತಕ ತೆರೆದು, ಪೆನ್ನು ತೆಗೆದು, ತಾರೀಖು ಹಾಕಿದರು. ಅಪ್ಪನಾಗಿ ಕೇಳಲು ಅವರಿಗೆ ಬರುತ್ತಿರಲಿಲ್ಲ. ಕೇಳಲು ಬರುತ್ತಿದ್ದುದು ಇದೊಂದು ರೀತಿ.

"ಹೆಸರು?"

ಮಗ ದಿಟ್ಟಿಸಿ ನೋಡಿದ. ಆಮೇಲೆ ಹೇಳಿದ.

"ತಂದೆಯ ಹೆಸರು?"

ಅದನ್ನೂ ಹೇಳಿದ. ರೈಟರು ಬರೆದುಕೊಂಡರು.

"ವಯಸ್ಸು?"

"ಇಪ್ಪತ್ತೊಂಬತ್ತು."

"ಕಸುಬು?"

"ಏನೂ ಇಲ್ಲ ಅಂತ ಬರೀರಿ. ಇಲ್ಲಾಂದ್ರೆ ಶೀಟು ಒಗೆಯೋದು ಅಂತ."

"ಈ ಕಾಗದ ಯಾವಾಗ ಬರೆದೆ?"

"ಶನಿವಾರ ಮಧ್ಯಾಹ್ನ."

ಪೆನ್ನು ನಿಂತಿತು. "ಅವನು ಹೋಗಿದ್ದು ಭಾನುವಾರ."

"ಹೌದು. ಹಿಂದಿನ ದಿನಾನೇ ಬರೆಸಿಕೊಂಡ್ರು. ಯಾರಾದ್ರೂ ಹೊರಡ್ತೀನಿ ಅಂದಾಗ ಕೊಡೋಕೆ ಮಾದರಿ ಬೇಕು, ನಿನ್ನ ಅಕ್ಷರ ಓದೋಕೆ ಬರುತ್ತೆ, ಬರಿ ಅಂದ್ರು. ಎಷ್ಟು ದಿನ ಅನ್ನೋ ಜಾಗ ಖಾಲಿ ಬಿಡು ಅಂದ್ರು. ನಾನು ಬಿಟ್ಟೆ. ನನ್ನನ್ನ ಯಾರಾದ್ರೂ ಒಂದು ಕೆಲಸಕ್ಕೆ ಕರೆದು ಎಷ್ಟು ವರ್ಷ ಆಗಿತ್ತು ಗೊತ್ತಾ? ಖುಷಿಯಿಂದ ಬರೆದೆ. ಚೆಂದ ಮಾಡಿ ಬರೆದೆ."

"ಯಾರು ಬರೆಸಿದ್ದು?"

"ಹೇಳ್ತೀನಿ. ಮೊದಲು ಪೂರ್ತಿ ಕೇಳಿ. ಹೆಸರಿಲ್ಲದ ಮಾದರಿ ಆದ್ರೆ ಒಂದು ಸಾಕಲ್ಲ? ಅವರು ಹೆಸರು ಹೇಳಿ ಬರೆಸಿದ್ರು. ಅಲ್ಲೇ ನನಗೆ ಬುದ್ಧಿ ಬರ್ಬೇಕಿತ್ತು. ಭಾನುವಾರ ಊಟ ಆದ ಮೇಲೆ ಅವನನ್ನ ಬಿಪಿ ನೋಡ್ಬೇಕು ಅಂತ ಕರ್ಕೊಂಡು ಹೋದ್ರು. ನಾಲ್ಕು ಗಂಟೆಗೆ ಅವನಕ್ಕ ಗೇಟಿನ ಹತ್ರ ಕನ್ನಡಕ ಹಿಡ್ಕೊಂಡು ನಿಂತಿದ್ರು. ಅವನು ಹೋದ ಅಂತ ಅವರಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ನಾನು ಬಾಯಿ ಬಿಡ್ಲಿಲ್ಲ ಅಪ್ಪಾ. ಇಲ್ಲಿಂದ ಹಾಕಿಬಿಡ್ತಾರೆ ಅಂತ ಹೆದರಿದೆ."

ರೈಟರು ಬರೆಯುತ್ತಲೇ ಇದ್ದರು. ಅಕ್ಷರಗಳು ಸಾಲು ಬಿಟ್ಟು ಓಡುತ್ತಿದ್ದವು. ಅಕ್ಕನಿಗೆ ಏನು ಹೇಳುವುದು? ಕುಡಿದು ಸಾಯಲಿಲ್ಲ ತಾಯೀ ಎನ್ನಬಹುದು. ಅದು ಹೇಗೆ ಗೊತ್ತಾಯಿತು ಎಂದರೆ?

"'ಒಂದು ಸಾಕಲ್ಲ' ಅಂದ್ಯಲ್ಲ," ಅವರು ತಲೆ ಎತ್ತಿದರು. "ಹಾಗಂದ್ರೆ? ಎಷ್ಟು ಬರೆದೆ?"

"ಮೂರು."

ತಂತಿಯ ಮೇಲಿನ ಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬರೆಸಿದ್ದು ಡಾಕ್ಟರು. ಅವರು ಬಿಳಿ ಮಾತ್ರೆ ಕೊಡೋದು ಮೂರೇ ಜನಕ್ಕೆ," ಮಗ ಅಂದ. "ಏಳನೇ ಮಂಚ, ಕಿಟಕಿ ಪಕ್ಕದ ಲಾರಿ ಡ್ರೈವರು..." ಅಲ್ಲಿಗೆ ನಿಲ್ಲಿಸಿದ.

"ಮೂರನೇ ಕಾಗದ ಯಾರ ಹೆಸರಲ್ಲಿ?"

"ಬರ್ಕೊಳ್ಳಿ ಅಪ್ಪಾ. ನನ್ನ ಹೆಸರಲ್ಲೇ. ನನ್ನ ಕೈಯಲ್ಲೇ ಬರೆದು ನಾನೇ ಸಹಿ ಹಾಕಿ ಕೊಟ್ಟಿದೀನಿ. ಎಷ್ಟು ದಿನ ಅನ್ನೋದು ಮಾತ್ರ ಖಾಲಿ ಇದೆ."

ರೈಟರು ಪುಸ್ತಕ ಮುಚ್ಚಿ ಎದ್ದು ನಿಂತರು. ಮಗನ ರಟ್ಟೆ ಹಿಡಿದು ಎಳೆದರು.

"ಏಳು. ಈಗಲೇ ಹೊರಡು. ಗೇಟು ನಾನು ನೋಡ್ಕೋತೀನಿ."

ಮಗ ಕದಲಲಿಲ್ಲ. ಅವರ ಕೈಯನ್ನು ಮೆಲ್ಲಗೆ ಬಿಡಿಸಿದ. ಗೋಡೆಯಾಚೆ ಒಂದು ಕಾರು ನಿಂತ ಸದ್ದು, ಗೇಟಿನ ಸರಪಳಿ ಬಿಚ್ಚಿದ ಸದ್ದು.

"ಈ ಗೇಟಿನಿಂದ ಬಸ್ ನಿಲ್ದಾಣ ಹತ್ತು ನಿಮಿಷ," ಅವನು ಅಂದ. "ಅದರ ಹಿಂದಿನ ಗಲ್ಲಿಯಲ್ಲಿ ಸೂಜಿ ಕೊಡೋನು ಯಾವ ಬಾಗಿಲಲ್ಲಿ ಕೂತಿರ್ತಾನೆ ಅಂತ ನನ್ನ ಕಾಲಿಗೆ ಇನ್ನೂ ಗೊತ್ತು. ನೀವು ಎಷ್ಟು ಗಟ್ಟಿಯಾಗಿ ಕೈ ಹಿಡ್ಕೊಂಡ್ರೂ ಅಷ್ಟೇ. ಒಳಗಿದ್ರೆ ಅವರು ಕೊಲ್ತಾರೆ ಅಪ್ಪಾ. ಹೊರಗೆ ಬಂದ್ರೆ ನಾನೇ ಕೊಂದ್ಕೋತೀನಿ. ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ, ಹೇಳಿ?"